ಮೈಸೂರು ಪ್ರಜಾಪ್ರತಿನಿಧಿ ಸಭೆ

ಮೈಸೂರು ಸಂಸ್ಥಾನದಲ್ಲಿ 1881ರಿಂದ 1949ರವರೆಗೆ ನಡೆದ ಪ್ರತಿನಿಧಿಗಳ ಸಭೆ. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಹುಟ್ಟಿದ ಮೊಟ್ಟಮೊದಲ ಪ್ರಾತಿನಿಧಿಕ ಸಂಸ್ಥೆಯಿದು. ದಿವಾನ್ ಸಿ. ವಿ. ರಂಗಾಚಾರ್ಲು ಅವರ ಸಲಹೆಯಂತೆ ಹತ್ತನೆಯ ಚಾಮರಾಜೇಂದ್ರ ಒಡೆಯರು 1881ರ ಆಗಸ್ಟ್ 25ರಂದು ಇದಕ್ಕೆ ಆಜ್ಞೆ ಹೊರಡಿಸಿದರು. ಮೊದಲ ಅಧಿವೇಶನ ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರಿತು. ಬಂದ ಸದಸ್ಯರು 144 ಮಂದಿ. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ತೆರಿಗೆಗೆ ಒಪ್ಪಿಗೆ ಕೊಡುವ ಹಕ್ಕಿರಲಿಲ್ಲ, ಮತ ಹಾಕಿ ಸರ್ಕಾರವನ್ನು ಸೋಲಿಸುವ ಮಾತಂತೂ ದೂರವೇ ಉಳಿಯಿತು. ಸರ್ಕಾರ ಹೇಳಿದ್ದನ್ನು ಕೇಳುವುದು, ತಮ್ಮ ಕಡೆಯ ಅಹವಾಲು ಹೇಳುವುದು, ಇಷ್ಟೇ ಅವರ ಕೆಲಸ. ಹೀಗೆ ಬರಿಯ ಮಾತಿನಿಂದ ಶುರುವಾದ ಸಭೆಗೆ ಶಾಸನದ ಬಲ ಬರಲು 42 ವರ್ಷ ಬೇಕಾಯಿತು. ಜವಾಬ್ದಾರಿ ಸರ್ಕಾರ ಬರಲು 66 ವರ್ಷ.

ಹಿನ್ನೆಲೆ

ಈ ಸಭೆಯ ಕತೆ ಶ್ರೀರಂಗಪಟ್ಟಣದ ಪತನದಿಂದ ಆರಂಭವಾಗಬೇಕು. ಅದಕ್ಕೂ ಮೊದಲು ಒಂದು ಕುತೂಹಲದ ಸಂಗತಿಯನ್ನು ಹೇಳಿಬಿಡಬಹುದು. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಹೋರಾಡುತ್ತಿದ್ದ ಕಾಲದಲ್ಲೇ ಮೈಸೂರನ್ನು ಆಳುತ್ತಿದ್ದ ಹೈದರಾಲಿಯೂ ಅದೇ ಬ್ರಿಟಿಷರೊಂದಿಗೆ ಯುದ್ಧದಲ್ಲಿದ್ದ. ಅಮೆರಿಕನ್ನರಿಗೂ ಹೈದರನಿಗೂ ಬೆಂಬಲವಾಗಿ ನಿಂತಿದ್ದವರು ಫ್ರೆಂಚರು. ಇಂದಿನ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರನ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಆ ನೌಕೆ ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೇನೆಗೆ ಶರಣಾದ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲ್ ಆಗಿ ಬಂದು ಶ್ರೀರಂಗಪಟ್ಟಣವನ್ನು ಮುತ್ತಿದ. 1792ರ ಮಾರ್ಚ್‌ನ ಒಪ್ಪಂದದಲ್ಲಿ ಹೈದರನ ಮಗ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯ ದಂಡವನ್ನೂ ಒತ್ತೆಯಾಳಾಗಿ ಇಬ್ಬರು ಮಕ್ಕಳನ್ನೂ ವಸೂಲು ಮಾಡಿಕೊಂಡು ಹೋದ. ಅಮೆರಿಕದಲ್ಲಿ ಅವನು ಸೋತದ್ದರಿಂದ ಒಂದು ಗಣರಾಜ್ಯ ನಿಂತಿತು. ಕಾವೇರಿಯ ದಡದಲ್ಲಿ ಗೆದ್ದದ್ದರಿಂದ ಇಲ್ಲಿ ಪರಾಧೀನತೆಯ ದಾರಿ ತೆರೆಯಿತು.

1799ರ ಮೇ 4ರಂದು ಟಿಪ್ಪು ಕೋಟೆಯಲ್ಲೇ ಹೋರಾಡುತ್ತ ಮಡಿದ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕಟ್ಟಿದರು; ರಾಜಧಾನಿ ಮೈಸೂರಿಗೆ ಹೋಯಿತು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದದ ಪ್ರಕಾರ ಸಂಸ್ಥಾನ ವರ್ಷಕ್ಕೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಯಿತು. ಟಿಪ್ಪುವಿನ ಆಡಳಿತದಲ್ಲಿ ಪಳಗಿದ್ದ ಪೂರ್ಣಯ್ಯನವರೇ ದಿವಾನರಾಗಿ 1811ರವರೆಗೆ ರಾಜ್ಯ ನಡೆಸಿದರು. ಖಜಾನೆ ತುಂಬಿಸಿದ ಈ ದಿವಾನರಿಗೆ ಹೊಗಳಿಕೆ ಸಂದಿದೆ. ಆದರೆ ಅವರ ಆಡಳಿತದಲ್ಲಿ ಪ್ರಜೆಯನ್ನು ಕೇಳುವ ಏರ್ಪಾಡು ಎಲ್ಲೂ ಇರಲಿಲ್ಲ.

ನಾಗಮಂಗಲ ಸೀಮೆಯ ಬೆಳ್ಳೂರಿನಂಥ ಊರಿನ ರೈತನಿಗೆ ಆಗ ಸರ್ಕಾರವೆಂದರೆ ಲೆಕ್ಕ ಬರೆಯುವ ಶಾನುಭೋಗ, ಕಂದಾಯ ಎತ್ತುವ ಪಟೇಲ, ಹೋಬಳಿಯ ಶೇಕ್‌ದಾರ, ತಾಲ್ಲೂಕಿನ ಅಮಲ್ದಾರ. ಅದರಾಚೆಗೆ ದೂರು ಒಯ್ಯಬೇಕಾದರೆ ಹುಜೂರಿಗೇ ಹೋಗಬೇಕು. ಹೊಯ್ಸಳರ ಕಾಲದಲ್ಲಿ ಅಗ್ರಹಾರವಾಗಿದ್ದ ಊರು ಬೆಳ್ಳೂರು. ಅಂಥ ಅಗ್ರಹಾರಗಳಲ್ಲಿ ಮಹಾಜನರು ಕೂತು ದತ್ತಿ, ಕೆರೆ, ಭೂಮಿಯ ವಿಚಾರ ತೀರ್ಮಾನಿಸುತ್ತಿದ್ದುದು ಶಾಸನಗಳಿಂದ ಗೊತ್ತಾಗುತ್ತದೆ. ಇದನ್ನೇ ಪ್ರಜಾಪ್ರಭುತ್ವವೆಂದು ಹಿಗ್ಗುವವರುಂಟು. ಮಹಾಜನರು ಒಂದು ವರ್ಗದವರೆಂಬುದನ್ನೂ, ಆ ಊರ ಗಡಿ ದಾಟಿದರೆ ಅವರ ಮಾತು ನಡೆಯುತ್ತಿರಲಿಲ್ಲವೆಂಬುದನ್ನೂ ಅವರು ಮರೆಯುತ್ತಾರೆ.

ನಗರ ಸೀಮೆಯ ರೈತ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ತೆಗೆದುಕೊಂಡರು. ಮುಂದಿನ 50 ವರ್ಷ ಕಮಿಷನರುಗಳ ಆಳ್ವಿಕೆ. ಅದರಲ್ಲಿ ಬಹುಕಾಲ ಮಾರ್ಕ್ ಕಬ್ಬನ್ನನದು. ಕಚೇರಿಗಳಿಗೆ ಒಂದು ಶಿಸ್ತು ಬಂತು. ಆದರೆ 1876–78ರ ಮಹಾಕ್ಷಾಮ ಈ ಶಿಸ್ತಿನ ಬೆಲೆ ಎಷ್ಟೆಂಬುದನ್ನು ಒರೆಗೆ ಹಚ್ಚಿತು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಬೊಕ್ಕಸ ಬರಿದಾಗಿ, ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು.

ಈ ಸಾಲದ ಹೊರೆಯೊಂದಿಗೇ 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ಹಸ್ತಾಂತರ ಪತ್ರದ ಷರತ್ತುಗಳನ್ನು ಓದಿದರೆ ಹಿಂದಿರುಗಿಸಿದ್ದು ಎಷ್ಟು, ಉಳಿಸಿಕೊಂಡಿದ್ದು ಎಷ್ಟು ಎಂಬುದು ತಿಳಿಯುತ್ತದೆ. ಅಪ್ಪಣೆಯಿಲ್ಲದೆ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ರಿಪೇರಿ ಮಾಡುವಂತಿಲ್ಲ. ಮದ್ದುಗುಂಡು ತಯಾರಿಸುವಂತಿಲ್ಲ. ಸ್ವಂತ ನಾಣ್ಯವಿಲ್ಲ. ಬೇರೆ ಸಂಸ್ಥಾನದೊಂದಿಗೆ ನೇರ ವ್ಯವಹಾರವಿಲ್ಲ. ಜಾರಿಯಲ್ಲಿದ್ದ ಕಾನೂನಿನಲ್ಲಾಗಲಿ ಆಡಳಿತ ಪದ್ಧತಿಯಲ್ಲಾಗಲಿ ಮುಖ್ಯ ಬದಲಾವಣೆ ಮಾಡಲು ಗವರ್ನರ್ ಜನರಲನ ಒಪ್ಪಿಗೆ ಬೇಕು. ಪೊಗದಿಯನ್ನು 35 ಲಕ್ಷಕ್ಕೆ ಏರಿಸಿ, ಏರಿಕೆಯ ವಸೂಲಿಯನ್ನು ಮಾತ್ರ ಮುಂದಕ್ಕೆ ಹಾಕಲಾಯಿತು. 1913ರಲ್ಲಿ ಹೊಸ ಒಪ್ಪಂದ ಬರುವವರೆಗೆ ಸಂಸ್ಥಾನಕ್ಕೆ ಸಂವಿಧಾನವೆಂಬುದಿದ್ದರೆ ಅದು ಈ ಷರತ್ತಿನ ಕಾಗದವೇ. ಫಿಲಡೆಲ್ಫಿಯದಲ್ಲಿ 1787ರ ಮೇ ತಿಂಗಳಿಂದ ಸೆಪ್ಟೆಂಬರ್ 17ರವರೆಗೆ 55 ಪ್ರತಿನಿಧಿಗಳು ಬಾಗಿಲು ಮುಚ್ಚಿಕೊಂಡು ಚರ್ಚಿಸಿ, ಕೊನೆಗೆ 39 ಮಂದಿ ಸಹಿ ಮಾಡಿದ ಸಂವಿಧಾನ ಸರ್ಕಾರಕ್ಕೆ ಜನ ಹಾಕಿದ ಷರತ್ತು. ಮೈಸೂರಿನ ಪತ್ರ ರಾಜನಿಗೆ ಸಾರ್ವಭೌಮ ಹಾಕಿದ ಷರತ್ತು; ಪ್ರಜೆಯ ಪ್ರಸ್ತಾಪ ಅದರಲ್ಲಿ ಆಳಿಸಿಕೊಳ್ಳುವವನಾಗಿ ಮಾತ್ರ.

ರಂಗಾಚಾರ್ಲು ಮಾಡಿದ ಏರ್ಪಾಡು

1881ರ ಸರ್ಕಾರ ಬಹಳ ಪುಟ್ಟದು. ಮೇಲೆ ಮಹಾರಾಜರು, ಕಾರ್ಯಾಂಗದ ತಲೆಯಾಗಿ ದಿವಾನ, ಸಲಹೆಗೆ ದಿವಾನರನ್ನೇ ಅಧ್ಯಕ್ಷರನ್ನಾಗಿ ಮಾಡಿದ, ಇನ್ನಿಬ್ಬರು ಸದಸ್ಯರ ಕೌನ್ಸಿಲ್. ನ್ಯಾಯಾಂಗಕ್ಕೆ 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಬಂತು. ಸಾಲ ತೀರಿಸಲು ಖರ್ಚು ಕಡಿತ ಮಾಡಬೇಕಿತ್ತು, ಕಚೇರಿಗಳನ್ನು ಮುಚ್ಚಬೇಕಿತ್ತು, ಜೊತೆಗೆ ಬೆಂಗಳೂರು–ಮೈಸೂರು ರೈಲು ದಾರಿಯನ್ನೂ ಮುಗಿಸಬೇಕಿತ್ತು. ಇಂಥ ಹೊತ್ತಿನಲ್ಲಿ ಜನರ ಮುಂದೆ ಲೆಕ್ಕ ಇಡುವುದೇ ಜಾಣತನವೆಂದು ರಂಗಾಚಾರ್ಲು ಕಂಡುಕೊಂಡರು. ಮದರಾಸಿನ ಸರ್ಕಾರಿ ಸೇವೆಯಿಂದ ಬಂದ ಅವರು ಕಮಿಷನರುಗಳ ಕಾಲದ ದುಂದುವೆಚ್ಚವನ್ನು ಟೀಕಿಸಿ 1874ರಲ್ಲಿಯೇ ಪುಸ್ತಿಕೆ ಬರೆದವರು. ಸರ್ಕಾರದ ಹಿತವೂ ಪ್ರಜೆಗಳ ಹಿತವೂ ಒಂದೇ ಎಂಬುದನ್ನು ಜನ ತಿಳಿಯಬೇಕು, ಸರ್ಕಾರದ ಉದ್ದೇಶ ಅವರಿಗೆ ನೇರವಾಗಿ ಮುಟ್ಟಬೇಕು ಎಂಬುದು ಆಗಸ್ಟ್ 25ರ ಆಜ್ಞೆಯ ಸಾರಾಂಶ.

ಮೊದಲ ಸದಸ್ಯರನ್ನು ಚುನಾಯಿಸಲಿಲ್ಲ. ಜಿಲ್ಲೆಯ ಲೋಕಲ್ ಫಂಡ್ ಬೋರ್ಡುಗಳು ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ತಿಳಿವಳಿಕೆಯ ಸಾಗುವಳಿದಾರರನ್ನೂ, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಪ್ರಮುಖ ವರ್ತಕರನ್ನೂ ಆರಿಸಿ ಕಳಿಸಿದವು. ಭೂಮಿ ಮತ್ತು ವ್ಯಾಪಾರ, ಕಂದಾಯ ಬರುತ್ತಿದ್ದ ಎರಡು ಮೂಲಗಳಿಗೂ ಸಭೆಯಲ್ಲಿ ಬಾಯಿ ಸಿಕ್ಕಿತು. ಕೂಲಿಯವನಿಗೆ, ಗೇಣಿದಾರನಿಗೆ, ಹೆಂಗಸರಿಗೆ ಸಿಗಲಿಲ್ಲ.

ಸಭೆಗೆ ದಸರೆಯನ್ನೇ ಗೊತ್ತುಮಾಡಿದ್ದು ಚೆನ್ನಾದ ಯೋಚನೆ. ಹೇಗಿದ್ದರೂ ನಾಡಿನ ಗಣ್ಯರು ಮೈಸೂರಿಗೆ ಬರುತ್ತಿದ್ದ ಕಾಲವದು. ಪೇಟ ಸುತ್ತಿ, ಗುಂಡಿ ಹಾಕಿದ ಉದ್ದ ಕೋಟಿನ ಮೇಲೆ ವಲ್ಲಿ ಹೊದ್ದು ಬಂದ ಸದಸ್ಯರು ಅರಮನೆಯ ದರ್ಬಾರಿಗೂ ಹೋಗುತ್ತಿದ್ದರು, ಸಭೆಗೂ ಬರುತ್ತಿದ್ದರು. ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನು ಓದುತ್ತಿದ್ದರು: ಮಳೆ ಬೆಳೆ ಹೇಗಾಯಿತು, ಕಂದಾಯ ಎಷ್ಟು ಬಂತು, ರೈಲು ಎಲ್ಲಿಗೆ ಮುಟ್ಟಿತು, ಎಷ್ಟು ಉಳಿಯಿತು. ಆಮೇಲೆ ಸದಸ್ಯರ ಸರದಿ. ಒಬ್ಬರು ಎದ್ದು ಒಡೆದ ಕೆರೆ ಏರಿಯ ಮಾತೆತ್ತುವರು. ಇನ್ನೊಬ್ಬರು ಸೌದೆಗೂ ನೇಗಿಲ ಮರಕ್ಕೂ ಕಾಡಿನವರು ಕೊಡುವ ಕಾಟ ಹೇಳುವರು. ಮತ್ತೊಬ್ಬರು ಕಂದಾಯದ ಕಂತು ಬೆಳೆ ಕೈಗೆ ಬರುವ ಮುಂಚೆಯೇ ಬೀಳುವುದರ ತೊಂದರೆ ವಿವರಿಸುವರು. ದಿವಾನರು ಅಲ್ಲೇ ಉತ್ತರ ಹೇಳುವರು, ಇಲ್ಲವೆ ವಿಚಾರಿಸುವುದಾಗಿ ಒಪ್ಪುವರು. ಅಮಲ್ದಾರನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದ್ದ ಊರಿನವನು ಅಮಲ್ದಾರನ ಮೇಲಿನ ದೂರನ್ನೇ ದಿವಾನರ ಎದುರು ಎದ್ದು ನಿಂತು ಹೇಳುವಂತಾದದ್ದು ಸಣ್ಣ ಮಾತಲ್ಲ. ಆ ಕಾಲದ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಇಂಥ ವೇದಿಕೆ ಇರಲಿಲ್ಲ.

ಆದರೂ ಇದನ್ನು ಅತಿಯಾಗಿ ಹೊಗಳಬಾರದು. ಸದಸ್ಯರು ಕೇಳಿದ್ದನ್ನು ಕೊಡಲೇಬೇಕೆಂಬ ಕಟ್ಟು ಸರ್ಕಾರಕ್ಕಿರಲಿಲ್ಲ. ರಂಗಾಚಾರ್ಲು ಎರಡನೆಯ ಅಧಿವೇಶನವನ್ನು ಕಂಡು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿನ ಪುರಭವನ ಇಂದಿಗೂ ಮೈಸೂರಿನಲ್ಲಿದೆ. ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ ಸಮರ್ಥರು. ತಮ್ಮ ದಾರಿಯಲ್ಲಿ ಸಭೆ ಅಡ್ಡಬರುವುದನ್ನು ಇಷ್ಟಪಡದವರು. ಚುನಾವಣೆಯ ಪದ್ಧತಿ ಜಾರಿಗೆ ಬಂದದ್ದು ಮಾತ್ರ ಅವರ ಕಾಲದಲ್ಲೇ.

ಚುನಾವಣೆ, ಎರಡನೆಯ ಸಭೆ

1891ರಿಂದ ಸದಸ್ಯರನ್ನು ಆರಿಸುವ ಹಕ್ಕು ಆಸ್ತಿಯಿದ್ದವರಿಗೆ ಬಂತು. ಸ್ಥಳ ನೋಡಿಕೊಂಡು 100ರಿಂದ 300 ರೂಪಾಯಿಯವರೆಗೆ ಭೂಕಂದಾಯ ಕಟ್ಟುವವರು, ಗೊತ್ತಾದ ಮಟ್ಟದ ಮೊಹತರ್ಫ (ಮನೆ, ಕಸುಬು, ವ್ಯಾಪಾರದ ಮೇಲಿನ) ತೆರಿಗೆ ತೆರುವವರು, ಇನಾಂದಾರರು, ಪದವೀಧರರು ಮತದಾರರಾದರು. 100 ರೂಪಾಯಿ ಕಂದಾಯ ಕಟ್ಟುವ ಹಿಡುವಳಿ ಆ ಕಾಲದಲ್ಲಿ ದೊಡ್ಡದೇ. ನಾಗಮಂಗಲದಂಥ ಮಳೆಯಾಶ್ರಯದ, ರಾಗಿ ಹುರುಳಿಯ ಸೀಮೆಯಲ್ಲಿ ಹಳ್ಳಿಗೆ ಒಬ್ಬ ಇಂಥ ರೈತ ಸಿಗುವುದೂ ಕಷ್ಟ. ಇದರಲ್ಲಿ ಮೈಸೂರು ಒಂಟಿಯೇನಲ್ಲ: ಅಮೆರಿಕದಲ್ಲಿಯೂ ಆರಂಭದ ದಶಕಗಳಲ್ಲಿ ಬಹುಪಾಲು ರಾಜ್ಯಗಳು ಆಸ್ತಿಯಿದ್ದ ಅಥವಾ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತ ಕೊಟ್ಟಿದ್ದವು, ಗುಲಾಮರನ್ನು ಪ್ರಾತಿನಿಧ್ಯದ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲೆಂದು ಎಣಿಸಿ ಮತವನ್ನು ಮಾತ್ರ ಕೊಟ್ಟಿರಲಿಲ್ಲ.

ಸಮಾಜ ಸುಧಾರಣೆಯ ವಿಷಯ ಬಂದಾಗ ಸಭೆ ಸರ್ಕಾರಕ್ಕಿಂತ ಮುಂದಿರಲಿಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯುವ 1894ರ ಕಾಯಿದೆಯನ್ನು ತಂದದ್ದು ಸರ್ಕಾರ. ಸಭೆಯಲ್ಲಿ ಅದಕ್ಕೆ ವಿರೋಧವೂ ಕೇಳಿಬಂದಿತ್ತು.

ಕಾನೂನು ಮಾಡುವ ಪ್ರತ್ಯೇಕ ಸಂಸ್ಥೆ ಬಂದದ್ದು 1907ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ. ನ್ಯಾಯವಿಧಾಯಕ ಸಭೆಯೆಂದು ಕರೆಸಿಕೊಂಡ ಇದರಲ್ಲಿ ದಿವಾನರು ಮತ್ತು ಕೌನ್ಸಿಲ್ ಸದಸ್ಯರಲ್ಲದೆ 10ರಿಂದ 15 ಮಂದಿ ಹೆಚ್ಚುವರಿ ಸದಸ್ಯರಿದ್ದರು. ಅವರಲ್ಲಿ ಐದರಲ್ಲಿ ಎರಡು ಭಾಗವಾದರೂ ಸರ್ಕಾರಿ ನೌಕರರಲ್ಲದವರಾಗಿರಬೇಕಿತ್ತು. ಮರುವರ್ಷವೇ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾಯಿದೆ ಬಂತು. ಪ್ರಜಾಪ್ರತಿನಿಧಿ ಸಭೆಯ ಹಿರಿಯ ಸದಸ್ಯರೂ ಪತ್ರಿಕೋದ್ಯಮಿಯೂ ಆಗಿದ್ದ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸಭೆಯಲ್ಲಿ ಮಾತಾಡಬಹುದು, ಅಚ್ಚಿನಲ್ಲಿ ಮಾತಾಡಬಾರದು ಎಂಬ ಈ ಇಬ್ಬಂದಿ ಸಂಸ್ಥಾನದ ಉದಾರತೆಯ ಗಡಿ ಎಲ್ಲಿತ್ತೆಂಬುದನ್ನು ತೋರಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912–18) ಪ್ರಶ್ನೆ ಕೇಳುವ, ಆಯವ್ಯಯ ಚರ್ಚಿಸುವ ಅವಕಾಶಗಳು ಹಿಗ್ಗಿದವು. ಪ್ರಜಾಪ್ರತಿನಿಧಿ ಸಭೆಗೆ 1917ರಿಂದ ಮಹಾರಾಜರ ವರ್ಧಂತಿಯ ಹೊತ್ತಿಗೆ ಎರಡನೆಯ ಅಧಿವೇಶನವೂ ಸೇರಿತು.

1923ರ ಸುಧಾರಣೆ

ಸಭೆಯಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆ ಈ ಹೊತ್ತಿಗೆ ಜೋರಾಗಿತ್ತು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಲಿ ಕಟ್ಟಿದರು. ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲು ಏನೆಂದು ನೋಡಲು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಹಿಂದುಳಿದ ವರ್ಗಗಳಿಗೆ ಮೀಸಲಾತಿ ಎಂಬ ವಿಚಾರ ದೇಶದಲ್ಲಿ ಮೊದಲು ಬೇರುಬಿಟ್ಟ ನೆಲಗಳಲ್ಲಿ ಮೈಸೂರೂ ಒಂದು.

ಆಡಳಿತದ ರಚನೆಯನ್ನು ತತ್ತ್ವಶಾಸ್ತ್ರಜ್ಞರೊಬ್ಬರ ಕೈಗೆ ಕೊಟ್ಟದ್ದು ಮೈಸೂರಿನ ವೈಶಿಷ್ಟ್ಯ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅಧ್ಯಕ್ಷತೆಯ ಸಮಿತಿ 1923ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಬಂದ ಕಾಯಿದೆಗಳಿಂದ, ಅದುವರೆಗೆ ಆಜ್ಞೆಯ ಮೇಲೆ ನಡೆಯುತ್ತಿದ್ದ ಪ್ರಜಾಪ್ರತಿನಿಧಿ ಸಭೆ ಶಾಸನಬದ್ಧ ಸಂಸ್ಥೆಯಾಯಿತು. ಸದಸ್ಯರ ಸಂಖ್ಯೆ 250, ಬೇಕಾದರೆ 275ರವರೆಗೆ. ಮತದಾರನಿಗೆ ಬೇಕಾದ ಆಸ್ತಿಯ ಮಟ್ಟವನ್ನು ಅರ್ಧಕ್ಕಿಳಿಸಲಾಯಿತು. ಹೆಂಗಸರೆಂಬ ಕಾರಣಕ್ಕೆ ಮತ ನಿರಾಕರಿಸುವುದು ನಿಂತಿತು. ಅಲ್ಪಸಂಖ್ಯಾತರಿಗೂ ದಲಿತ ವರ್ಗಗಳಿಗೂ ವಿಶೇಷ ಪ್ರಾತಿನಿಧ್ಯ ದೊರೆಯಿತು. ನ್ಯಾಯವಿಧಾಯಕ ಸಭೆಯಲ್ಲಿ 50 ಸದಸ್ಯರು. ಅವರಲ್ಲಿ ಚುನಾಯಿತರು 22 ಮಾತ್ರ.

ಕೆಲಸದ ಹಂಚಿಕೆ ವಿಚಿತ್ರವಾಗಿತ್ತು. ಹೊಸ ತೆರಿಗೆ ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕು. ಮಸೂದೆಯ ಮೂಲ ತತ್ತ್ವ ಅಲ್ಲಿ ಮೊದಲು ಚರ್ಚೆಯಾಗಬೇಕು. ಆಮೇಲೆ ಅದು ನ್ಯಾಯವಿಧಾಯಕ ಸಭೆಗೆ ಹೋಗಿ ಕಾನೂನಾಗಬೇಕು. ಖರ್ಚಿನ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಎರಡನೆಯ ಸಭೆಯದು. ದೊಡ್ಡ ಸಭೆ ಅಭಿಪ್ರಾಯ ಹೇಳುವುದು, ಚಿಕ್ಕ ಸಭೆ ತೀರ್ಮಾನಿಸುವುದು ಎಂಬ ಈ ಹೊಂದಾಣಿಕೆಯಲ್ಲಿ ಅಮೆರಿಕದ ಎರಡು ಸದನಗಳ ನೆರಳನ್ನು ಹುಡುಕುವುದು ವ್ಯರ್ಥ. ಅಲ್ಲಿ ಸೆನೆಟ್ಟು ರಾಜ್ಯಗಳ ಸಮಾನತೆಗೂ ಪ್ರತಿನಿಧಿ ಸದನ ಜನಸಂಖ್ಯೆಗೂ ನಿಂತದ್ದು, ದೊಡ್ಡ ರಾಜ್ಯ–ಚಿಕ್ಕ ರಾಜ್ಯಗಳ ಜಗಳ ತೀರಿಸಲು ಆದ ರಾಜಿ. ಕಾರ್ಯಾಂಗದ ವಿಷಯದಲ್ಲಿ ಮಾತ್ರ ಮೇಲ್ನೋಟಕ್ಕೆ ಹೋಲಿಕೆಯಿದೆ: ಅಮೆರಿಕದ ಅಧ್ಯಕ್ಷನನ್ನು ಶಾಸಕಾಂಗ ಅವಿಶ್ವಾಸದಿಂದ ಇಳಿಸಲಾಗದು, ಮೈಸೂರಿನ ದಿವಾನನನ್ನೂ ಇಳಿಸಲಾಗುತ್ತಿರಲಿಲ್ಲ. ಆದರೆ 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ವಾಷಿಂಗ್ಟನ್ನನಿಗೆ ಅವಧಿಯೆಂಬುದಿತ್ತು, ಆರಿಸಿದವರಿದ್ದರು. ದಿವಾನರು ಜವಾಬ್ದಾರರಾಗಿದ್ದುದು ಅರಮನೆಗೆ.

ಶಿವಪುರದಿಂದ ಮುಂದೆ

ಸಭೆಯೊಳಗೆ ಆಗದ ಕೆಲಸ ಬಯಲಿನಲ್ಲಿ ಆಯಿತು. ಅದಕ್ಕೆ ನೆಲವಾದದ್ದು ಇಂದಿನ ಮಂಡ್ಯ ಜಿಲ್ಲೆ. 1911ರಲ್ಲಿ ಶುರುವಾದ ಕನ್ನಂಬಾಡಿ ಅಣೆಕಟ್ಟು ಮುಗಿಯುತ್ತ ಬಂದಂತೆ ಇರ್ವಿನ್ ನಾಲೆ ಬಂತು. ನೀರಿನ ಜೊತೆಗೆ ನೀರಿನ ದರದ, ಬೆಳೆಯ ನಿಯಮದ ಜಗಳಗಳೂ ಬಂದವು. 1930ರ ದಶಕದ ಆರಂಭದಲ್ಲಿ ನಾಲಾ ಬಯಲಿನ ರೈತರು ಚಳವಳಿ ಹೂಡಿದರು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಕಬ್ಬಿನ ದುಡ್ಡು, ಓದಿದ ಮಕ್ಕಳು, ಸರ್ಕಾರದೊಂದಿಗೆ ದಿನನಿತ್ಯದ ತಕರಾರು, ಈ ಮೂರೂ ಕೂಡಿದ ಕಡೆ ರಾಜಕೀಯ ಹುಟ್ಟದೆ ಇರುತ್ತದೆಯೇ? 1937ರಲ್ಲಿ ಬ್ರಾಹ್ಮಣೇತರ ಮುಖಂಡರ ಪ್ರಜಾಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿತು. ಅಲ್ಲಿಯವರೆಗೆ ಪಟ್ಟಣದ ವಕೀಲರದಾಗಿದ್ದ ಕಾಂಗ್ರೆಸ್ಸು ಹಳ್ಳಿಗಳಿಗೂ ಇಳಿಯಿತು.

ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸೇರಿತು. ಸ್ವಾಗತದ ಹೊಣೆ ಹೊತ್ತವರು ಮದ್ದೂರಿನ ಎಚ್. ಕೆ. ವೀರಣ್ಣಗೌಡರು, ಅಧ್ಯಕ್ಷರು ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯನವರು. ರಾಷ್ಟ್ರಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಇತ್ತು. ಸಾವಿರಾರು ಜನರ ಎದುರು ಸಿದ್ದಲಿಂಗಯ್ಯನವರು ಧ್ವಜ ಏರಿಸಿದರು, ಬಂಧಿತರಾದರು. ಒಬ್ಬರನ್ನು ಹಿಡಿದೊಯ್ದರೆ ಇನ್ನೊಬ್ಬರು ಮುಂದೆ ಬಂದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜದ ಕಾರಣಕ್ಕೇ ಗೋಲೀಬಾರು ನಡೆದು ಹಲವರು ಸತ್ತರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಸರ್ದಾರ್ ಪಟೇಲರೊಂದಿಗೆ ರಾಜಿಗೆ ಬಂದು, ಸಂಸ್ಥಾನದ ಧ್ವಜದ ಜೊತೆ ರಾಷ್ಟ್ರಧ್ವಜವನ್ನೂ ಹಾರಿಸಲು ಒಪ್ಪಿದರು. ದಸರೆಯ ಸಭೆಯಲ್ಲಿ 57 ವರ್ಷ ವಿನಯದಿಂದ ಅರಿಕೆ ಮಾಡಿ ಪಡೆಯಲಾಗದ್ದನ್ನು ಈ ಒಂದು ತಿಂಗಳು ಕೊಡಿಸಿತು. ಆದರೆ ಶಿವಪುರದಲ್ಲಿ ನಿಂತ ಮುಖಂಡರಿಗೆ ಆಡಳಿತದ ಒಳಹೊರಗು ಗೊತ್ತಿತ್ತೆಂದರೆ ಅದಕ್ಕೆ ಆ ಸಭೆಯ ಪಾಠವೂ ಕಾರಣ.

1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆ ಜಿಲ್ಲೆಯಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಗಳು ಅದಕ್ಕೆ ಸೇರಿದವು. 1940ರ ಮೈಸೂರು ಸರ್ಕಾರದ ಕಾಯಿದೆ ಪ್ರಜಾಪ್ರತಿನಿಧಿ ಸಭೆಯನ್ನು 310ಕ್ಕೂ ನ್ಯಾಯವಿಧಾಯಕ ಸಭೆಯನ್ನು 68ಕ್ಕೂ ಹಿಗ್ಗಿಸಿತು. ಮಂತ್ರಿಗಳಲ್ಲಿ ಕೆಲವರು ಜನಪ್ರತಿನಿಧಿಗಳಾದರು. ಜವಾಬ್ದಾರಿ ಮಾತ್ರ ಅರಮನೆಯ ಕಡೆಗೇ ಉಳಿಯಿತು.

1947ರ ಆಗಸ್ಟ್ 9ರಂದು ಜಯಚಾಮರಾಜೇಂದ್ರ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿದರು. ದೇಶ ಸ್ವತಂತ್ರವಾದರೂ ಸಂಸ್ಥಾನದಲ್ಲಿ ಜನರ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್ 1ರಿಂದ ಮೈಸೂರು ಚಲೋ ಚಳವಳಿ ನಡೆಯಿತು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ಊರೂರಲ್ಲಿ ಎದ್ದಿತು. ಕೊನೆಗೆ ಅರಮನೆ ಮಣಿಯಿತು, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿ ನಾಯಕತ್ವದ ಮೊದಲ ಜನಪ್ರಿಯ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ಮೈಸೂರಿಗೆ ತನ್ನದೇ ಸಂವಿಧಾನ ಬರೆಯಲು ಸಂವಿಧಾನ ರಚನಾ ಸಭೆಯೊಂದನ್ನು ಏರ್ಪಡಿಸಲಾಗಿತ್ತು. ಅಮೆರಿಕದ ಮೂಲ ಹದಿಮೂರು ರಾಜ್ಯಗಳಿಗೆ ಇಂದಿಗೂ ಒಂದೊಂದು ಸಂವಿಧಾನವಿರುವಂತೆ ಮೈಸೂರಿಗೂ ಒಂದು ಇರಬಹುದಿತ್ತು. ಆ ಕೆಲಸ ಕೈಬಿಟ್ಟು, ಭಾರತದ ಸಂವಿಧಾನವನ್ನೇ ಒಪ್ಪುವುದೆಂದು ಆ ಸಭೆ ಶಿಫಾರಸು ಮಾಡಿತು. 1949ರ ನವೆಂಬರ್ 25ರಂದು ಮಹಾರಾಜರು ಅದನ್ನು ಘೋಷಿಸಿದರು. ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆಯೂ ನ್ಯಾಯವಿಧಾಯಕ ಸಭೆಯೂ ವಿಸರ್ಜನೆಯಾದವು. ರಚನಾ ಸಭೆಯೇ ತಾತ್ಕಾಲಿಕ ಶಾಸನಸಭೆಯಾಗಿ 1952ರ ಚುನಾವಣೆಯವರೆಗೆ ನಡೆಯಿತು. ವಯಸ್ಕರೆಲ್ಲರ ಮತದಿಂದ ಆರಿಸಿಬಂದ ಮೊದಲ ವಿಧಾನಸಭೆ 1952ರ ಜೂನ್ 18ರಂದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಸೇರಿತು.

ಈ ಕತೆಯಲ್ಲಿ ಬಂದ ಹಲವು ಊರುಗಳಿರುವ ಮಂಡ್ಯ ಜಿಲ್ಲೆಗೆ ಈಗ ವಿಧಾನಸಭೆಯಲ್ಲಿ ಏಳು ಸ್ಥಾನಗಳಿವೆ. ಪಾಂಡವಪುರ ಮೇಲುಕೋಟೆ ಕ್ಷೇತ್ರಕ್ಕೆ ಸೇರಿದೆ. ಬೆಳ್ಳೂರು ನಾಗಮಂಗಲ ಕ್ಷೇತ್ರದಲ್ಲಿದೆ.